ಕತ್ತರಿ ಮುಟ್ಟಿ ಕೊಟ್ಟ ಮಾತು

ದರ್ಜಿಗಳ ಲೆಕ್ಕವೇ ಬೇರೆ. ಅವರು ಖರ್ಚನ್ನು ಪ್ಯಾಂಟುಗಳಲ್ಲಿ ಎಣಿಸುತ್ತಾರೆ. ಮಗಳ ಶಾಲೆಯ ಚೀಲ ಎಂದರೆ ಒಂದು ಪ್ಯಾಂಟು ಹೊಲಿದ ಕೂಲಿ, ಹೆಂಡತಿಯ ಕನ್ನಡಕ ಎಂದರೆ ನಾಲ್ಕು ಪ್ಯಾಂಟು. ಆ ಲೆಕ್ಕದಲ್ಲಿ ಬಾಬಿನ್ ಅರ್ಧ ವರ್ಷದಲ್ಲಿ ಮೈಗೆ ಹಚ್ಚುವ ಎಣ್ಣೆಗೆ ಸುರಿದದ್ದು ಹದಿನಾಲ್ಕು ಪ್ಯಾಂಟು. ಹಾಲಿನಲ್ಲಿ ಕಲಸಿ ಕುಡಿಯುವ ಪುಡಿಗೆ ಒಂಬತ್ತು. ಸೊಂಟಕ್ಕೆ ಬಿಗಿಯುವ ಪಟ್ಟಿಗೆ ಮೂರು. ಯೂರಾಲಜಿ ಡಾಕ್ಟರನ್ನು ಕಾಣುವುದಕ್ಕೆ ಎಷ್ಟು ಎಂದು ಕೊನೆಗೊಂದು ದಿನ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದಾಗ ಅವನಿಗೆ ನಂಬಿಕೆಯೇ ಬರಲಿಲ್ಲ. ಒಂದು ಪ್ಯಾಂಟು. ಅದೂ ಜಿಪ್ಪನ್ನು ಗಿರಾಕಿಯೇ ತಂದುಕೊಟ್ಟರೆ ಎಷ್ಟಾಗುತ್ತದೋ ಅಷ್ಟು.

ಬಾಬಿನ್ ಎಂಬುದು ಅಂಗಡಿ ಕೊಟ್ಟ ಹೆಸರು. ಹದಿಮೂರನೆಯ ವಯಸ್ಸಿನಲ್ಲಿ, ಅಪ್ಪ ತೀರಿಕೊಂಡ ಮೇಲೆ, ಅಕ್ಕ ಅವನನ್ನು ತನ್ನ ಮನೆಗೆ ಕರೆತಂದಳು. ಅಕ್ಕನ ಗಂಡ ಅವನನ್ನು ತನ್ನ ಹೊಲಿಗೆ ಅಂಗಡಿಯಲ್ಲಿ ಕೂರಿಸಿಕೊಂಡ. ಕೂರಿಸಿಕೊಂಡ ಎನ್ನುವುದು ಹೆಸರಿಗೆ ಮಾತ್ರ, ಹುಡುಗ ಒಂದು ಕಡೆ ಕೂರದೆ ಗಿರಗಿರ ತಿರುಗುತ್ತಿದ್ದ. ಗುಂಡಿ ತೂತಿಗೆ ದಾರದ ಅಂಚು ಕಟ್ಟುವ ಮುದುಕನೊಬ್ಬ ಅಂಗಡಿಯ ಮೂಲೆಯಲ್ಲಿದ್ದ. ಎಲ್ಲರೂ ಅವನನ್ನು ಕಾಜಾ ತಾತ ಎನ್ನುತ್ತಿದ್ದರು. ತಾತ ಕನ್ನಡಕದ ಮೇಲಿಂದ ನೋಡಿ, ಇದು ಆಳಲ್ಲ, ಮಿಷನ್ನಿನೊಳಗೆ ತಿರುಗುವ ದಾರದ ಬಾಬಿನ್ನು ಎಂದ. ಹೆಸರು ನಿಂತಿತು. ಈಗ ಬಾಬಿನ್‌ಗೆ ಮೂವತ್ತನಾಲ್ಕು ವರ್ಷ. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಗಿರಾಕಿಯ ಹೊಟ್ಟೆಯನ್ನು ಅವನ ಮನಸ್ಸಿಗೆ ನೋವಾಗದ ಹಾಗೆ ಅಳೆಯುವುದರವರೆಗೆ ಎಲ್ಲವನ್ನೂ ಅವನು ಕಲಿತದ್ದು ಭಾವನಿಂದ. ಊರಿಗೆಲ್ಲ ಅವನು ಮಾಸ್ಟರ್. ಬಾಬಿನ್‌ಗೆ ಮಾತ್ರ ಭಾವ, ಅಪ್ಪ, ಗುರು, ಮೂರೂ ಅವನೇ.

ಆ ಅಂಗಡಿಯಲ್ಲಿ ಎರಡು ಕಟ್ಟುಪಾಡುಗಳಿದ್ದವು. ಒಂದು, ಯಾರೂ ತಮ್ಮ ಪ್ಯಾಂಟಿಗೆ ತಾವೇ ಅಳತೆ ತೆಗೆದುಕೊಳ್ಳಬಾರದು. ಟೇಪು ನೋಡಲು ಬಗ್ಗಿದ ತಕ್ಷಣ ಅಳತೆ ಕೆಡುತ್ತದೆ, ಆದ್ದರಿಂದ ಇನ್ನೊಬ್ಬರ ಮುಂದೆ ನೆಟ್ಟಗೆ ನಿಲ್ಲಲೇಬೇಕು. ಇನ್ನೊಂದು, ಕತ್ತರಿಯದು. ಮಾಸ್ಟರ ಕತ್ತರಿ ಮೊಣಕೈ ಉದ್ದದ್ದು, ಅವನ ಗುರುವಿನ ಕಾಲದ್ದು, ಎತ್ತಿದರೆ ಮಣಿಕಟ್ಟು ಸೋಲುವಷ್ಟು ಭಾರ. ಅದನ್ನು ಮುಟ್ಟಿ ಒಂದು ಮಾತು ಕೊಟ್ಟರೆ ಮುಗಿಯಿತು. ಶನಿವಾರಕ್ಕೆ ಸೂಟು ಕೊಡ್ತೀನಿ ಎಂದು ಕತ್ತರಿ ಮುಟ್ಟಿ ಹೇಳಿದ್ದಕ್ಕೆ ಮಾಸ್ಟರು ನೂರಾಮೂರು ಜ್ವರದಲ್ಲಿ ಕೂತು ಕಾಲರ್ ಕೂರಿಸಿದ್ದನ್ನು ಬಾಬಿನ್ ಕಣ್ಣಾರೆ ಕಂಡಿದ್ದ.

ಮೊದಲ ಕಟ್ಟುಪಾಡನ್ನು ಮುರಿದವನು ಮಾತ್ರ ಮಾಸ್ಟರೇ. ಎಂಟು ವರ್ಷದ ಹಿಂದೆ ಅವನು ಕೋಟಿನ ಹೊಸ ಕಟಿಂಗ್ ಕಲಿಯಲು ಹೋಗುತ್ತೇನೆಂದು ಒಂದು ತಿಂಗಳು ಅಂಗಡಿ ಬಿಟ್ಟು ಹೋದ. ಮುಖ ಇಳಿದು, ಷರಟಿನ ಕಂಕುಳು ಸಡಿಲಾಗಿ ಬಂದ. ಕೋಟನ್ನು ಹಳೆಯ ರೀತಿಯಲ್ಲೇ ಕತ್ತರಿಸಿದ. ಅಂದಿನಿಂದ ತನ್ನ ಪ್ಯಾಂಟನ್ನು ಮನೆಯಲ್ಲಿ ತಾನೇ ಹೊಲಿದುಕೊಳ್ಳತೊಡಗಿದ. ಹೊಸ ಕಟಿಂಗಿಗೆ ಹೋದವನು ಹೊಸದನ್ನು ತರಲಿಲ್ಲ, ಇದ್ದದ್ದರಲ್ಲೂ ಸ್ವಲ್ಪ ಬಿಟ್ಟುಬಂದ ಎಂದು ಕಾಜಾ ತಾತ ವರ್ಷಗಟ್ಟಲೆ ಕಿಚಾಯಿಸಿದ. ಬಾಬಿನ್ ನಗಲಿಲ್ಲ. ಭಾವನ ಪ್ಯಾಂಟು ಹೊಲಿಯುವುದು ತನ್ನ ಹಕ್ಕು ಎಂದು ತಿಳಿದಿದ್ದವನು ಅವನು. ನನ್ನ ಹೊಲಿಗೆಯಲ್ಲೇ ಏನೋ ಕೊರತೆ ಕಂಡಿರಬೇಕು ಎಂದುಕೊಂಡು ಸುಮ್ಮನಾಗಿದ್ದ.

ಒಂದು ದಿನ ಸ್ನಾನ ಮಾಡುವಾಗ ಬಾಬಿನ್‌ನ ಕೈಗೆ ಆ ಗಂಟು ತಗುಲಿತು. ಬಲಗಡೆಯ ಬೀಜದ ಕೆಳಭಾಗದಲ್ಲಿ, ಗುರುತು ಹಾಕುವ ಸೀಮೆಸುಣ್ಣದ ತುಂಡಿನಷ್ಟು. ಒತ್ತಿದರೂ ನೋವಿಲ್ಲ. ನೋವಿಲ್ಲದ್ದಕ್ಕೆ ಅವನಿಗೆ ಅರ್ಧ ಸಮಾಧಾನ, ಅರ್ಧ ದಿಗಿಲು. ನಾಲ್ಕು ದಿನ ನುಂಗಿಕೊಂಡು, ಐದನೆಯ ದಿನ ಊಟವಾದ ಮೇಲೆ ಕಾಜಾ ತಾತ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಾಗ ಕಟಿಂಗ್ ಮೇಜಿನ ಹತ್ತಿರ ಹೋದ.

"ಭಾವ, ಒಂದು ವಿಷಯ ಇದೆ. ನಗಬಾರದು."

"ನಕ್ಕರೆ ದಂಡ ಹಾಕ್ತೀಯಾ? ಹೇಳು."

ಬಾಬಿನ್ ಹೇಳಿದ. ಕಲ್ಲಿನ ಹಾಗಿದೆ, ನೋವಿಲ್ಲ, ಸಂಜೆಯಾಗುವಾಗ ಆ ಕಡೆ ಒಂಥರಾ ಭಾರ ಎಂದ. ಮಾಸ್ಟರ ಕೈಯ ಸೀಮೆಸುಣ್ಣ ಬಟ್ಟೆಯ ಮೇಲೆ ಎಳೆಯುತ್ತಿದ್ದ ಗೆರೆಯ ನಡುವೆಯೇ ನಿಂತಿತು. ಏನಾಯಿತು, ಹೇಗಾಯಿತು ಎಂದು ಅವನು ಕೇಳಲಿಲ್ಲ.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೆಂಡತಿಗೆ?"

"ಇಲ್ಲ ಭಾವ."

"ನಿಮ್ಮಕ್ಕನಿಗೆ?"

"ಅಕ್ಕನ ಹತ್ತಿರ ಇದನ್ನೆಲ್ಲ ಹೇಗೆ ಹೇಳೋದು?"

"ಹೇಳ್ಬೇಡ," ಎಂದ ಮಾಸ್ಟರ್. ಆಮೇಲೆ ಗೆರೆಯನ್ನು ಪೂರ್ತಿ ಎಳೆದು, ಎಂದಿನ ದನಿಯಲ್ಲಿ ಮಾತಿಗೆ ತೊಡಗಿದ. ಇಡೀ ದಿನ ಕೂತೇ ಇರುವವರು ನಾವು, ಪಕ್ಕದಲ್ಲಿ ಇಸ್ತ್ರಿ ಪೆಟ್ಟಿಗೆಯ ಕಾವು, ಮೈಯ ಕಾವೆಲ್ಲ ಇಳಿದು ಅಲ್ಲಿ ಸೇರುತ್ತದೆ, ಗಟ್ಟಿಯಾಗುತ್ತದೆ. ನನಗೂ ಒಮ್ಮೆ ಆಗಿತ್ತು, ಹಚ್ಚಿದರೆ ಕರಗುತ್ತದೆ. ಮಾರ್ಕೆಟ್ಟಿನ ಹಿಂದೆ ಎಣ್ಣೆ ಮಾರುವವನೊಬ್ಬ ಇದ್ದಾನೆ, ನನ್ನ ಹೆಸರು ಹೇಳು. ಡಾಕ್ಟರಿಗೆ ತೋರಿಸಲೇ ಎಂದು ಬಾಬಿನ್ ಕೇಳಿದ್ದಕ್ಕೆ ಅವನು ನಕ್ಕ. ಯಾವ ಡಾಕ್ಟರಿಗೆ? ಉಚ್ಚೆ ಡಾಕ್ಟರಿಗಾ? ನಿನಗೆ ಉಚ್ಚೆಯೇನೋ ಸರಿಯಾಗೇ ಹೋಗುತ್ತಿದೆಯಲ್ಲ. ಅವರ ಕೈಗೆ ಸಿಕ್ಕಿದರೆ ಕತ್ತರಿ ಹಾಕದೆ ಬಿಡುವವರಲ್ಲ, ಆಮೇಲೆ ಊರೆಲ್ಲ ನಿನ್ನನ್ನು ಅರ್ಧ ಗಂಡಸು ಅನ್ನುತ್ತದೆ.

ಹೇಳಿ ಮುಗಿಸಿ ಕತ್ತರಿಯನ್ನು ಮೇಜಿನ ಈಚೆಗೆ ತಳ್ಳಿದ.

"ಮುಟ್ಟು. ಮನೆಯ ಹೆಂಗಸರಿಗೆ ಹೇಳಲ್ಲ ಅನ್ನು."

ಬಾಬಿನ್ ಮುಟ್ಟಿದ. ಕಬ್ಬಿಣ ತಣ್ಣಗಿತ್ತು. ಭಾವ ತನ್ನ ಮಾನ ಕಾಯುತ್ತಿದ್ದಾನೆ ಎಂದುಕೊಂಡು ಅವನ ಕಣ್ಣು ಒದ್ದೆಯಾಯಿತು.

ಆಮೇಲೆ ಎಣ್ಣೆ, ಪುಡಿ, ಪಟ್ಟಿ. ಎಣ್ಣೆ ಹಚ್ಚಿದ ದಿನ ಉರಿ, ಹಚ್ಚದ ದಿನ ಭಾರ. ಗಂಟು ಕರಗಲಿಲ್ಲ, ಬೆಳೆಯಿತು. ಭಾವನಿಗೆ ಹೇಳಿದಾಗಲೆಲ್ಲ, ಒಳಗಿನದು ಹೊರಗೆ ಬರುವಾಗ ಹಾಗೇ, ಇನ್ನೊಂದು ಬಾಟಲಿ ನೋಡು ಎನ್ನುತ್ತಿದ್ದ. ಆ ವರ್ಷ ಬಾಬಿನ್‌ನ ಪ್ಯಾಂಟಿಗೆ ಅಳತೆ ತೆಗೆದವನು ಮಾಸ್ಟರೇ. ತೊಡೆಸಂದಿನ ಬಲಗಡೆ ಯಾರೂ ಕೇಳದೆ ಒಂದು ಬೆರಳಿನಷ್ಟು ಸಡಿಲ ಬಿಟ್ಟು ಕತ್ತರಿಸಿದ. ತೊಟ್ಟು ನೋಡಿದರೆ ಎಲ್ಲೂ ಒತ್ತುವುದಿಲ್ಲ, ಹೊರಗೆ ಕಾಣುವುದೂ ಇಲ್ಲ. ಭಾವನಿಗೆ ನನ್ನ ಮೇಲೆ ಎಷ್ಟು ಕಾಳಜಿ ಎಂದುಕೊಂಡ ಬಾಬಿನ್. ಇಷ್ಟು ಕರಾರುವಾಕ್ಕಾಗಿ ಇದನ್ನು ಇವನು ಎಲ್ಲಿ ಕಲಿತ ಎಂದು ಯೋಚಿಸಲಿಲ್ಲ.

ಗುಟ್ಟು ರಟ್ಟಾದದ್ದು ಎಣ್ಣೆಯಿಂದಲೇ. ಬಾಬಿನ್‌ನ ಹೆಂಡತಿಗೆ ಸೋಪಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ದಿನವಿಡೀ ಹತ್ತು ಥರದ ವಾಸನೆಗಳ ನಡುವೆ ದುಡಿಯುವ ಮೂಗು ಅದು. ಗಂಡನ ಒಳಬಟ್ಟೆಯಲ್ಲಿ ಯಾವುದೋ ಘಾಟು ಹಿಡಿದು ಅವಳು ಕೆಲವು ದಿನ ಮಾತು ಬಿಟ್ಟಳು. ಕೊನೆಗೆ ಒಂದು ಬೆಳಿಗ್ಗೆ ಆ ಬಟ್ಟೆಯನ್ನು ಬಕೆಟ್ಟಿನಿಂದ ಎತ್ತಿ ಅವನ ಮುಂದೆ ಹಿಡಿದು, ಇವಳು ಯಾರು, ಮೈಗೆ ಇಂಥ ಕೆಟ್ಟ ಎಣ್ಣೆ ಹಚ್ಚಿಕೊಳ್ಳುವವಳು ಎಂದು ಕೇಳಿದಳು. ಬಾಬಿನ್‌ಗೆ ನಗು ಬಂತು. ನಗುತ್ತಲೇ ಬೆನ್ನು ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟ. ಸ್ವಲ್ಪ ದಿನದಿಂದ ಸೊಂಟದ ಹಿಂದೆ ಒಂದು ನೋವು ಶುರುವಾಗಿತ್ತು. ಕತ್ತರಿ ನೆನಪಾಯಿತು, ಆದರೂ ಹೇಳಿಬಿಟ್ಟ.

ಅವಳು ಅಳಲಿಲ್ಲ, ಬೈಯಲಿಲ್ಲ. ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡಳು.

"ನನ್ನ ಎದೆಯಲ್ಲಿ ಗಂಟು ಬಂದಿದ್ರೆ ಎಷ್ಟು ದಿನ ಎಣ್ಣೆ ಹಚ್ಚಿಸ್ತಿದ್ರಿ?"

ಬಾಬಿನ್ ಮಂಚದ ಕೆಳಗಿನ ಎಣ್ಣೆ ಬಾಟಲಿ ತೆಗೆದು ಅವಳ ಕೈಗೆ ಕೊಟ್ಟ.

ಊರಿನ ಆಸ್ಪತ್ರೆಗೆ ಯೂರಾಲಜಿ ಡಾಕ್ಟರು ವಾರಕ್ಕೆ ಒಂದು ದಿನ ಬರುತ್ತಿದ್ದರು. ಬಾಬಿನ್ ಮಗಳ ಶಾಲೆಯಲ್ಲಿ ಕೆಲಸವಿದೆ ಎಂದು ಅಂಗಡಿಗೆ ಸುಳ್ಳು ಹೇಳಿ ರಜೆ ಹಾಕಿದ. ನಾನೂ ಕೋಟಿನ ಒಳಗೆ ಹಾಕುವ ಅಸ್ತರಿನ ಬಟ್ಟೆ ತರಲು ಹೋಗಬೇಕಿತ್ತು ಎಂದ ಮಾಸ್ಟರ್. ವರ್ಷಕ್ಕೊಮ್ಮೆ ಅವನು ಹೀಗೆ ಅಸ್ತರು ತರಲು ಹೋಗುವುದು, ಬಣ್ಣ ಸರಿಯಿರಲಿಲ್ಲವೆಂದು ಬರಿಗೈಲಿ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಇಬ್ಬರೂ ಹೋಗಿ, ಗಿರಾಕಿ ಬಂದರೆ ನಾನು ತೂತು ಅಳೆದು ಕಳಿಸ್ತೀನಿ ಎಂದ ಕಾಜಾ ತಾತ.

ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ಬೆಂಚಿನಲ್ಲಿ ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಎಲ್ಲರಿಗೂ ಎದುರಿನ ಗೋಡೆಯ ಮೇಲಿನ ಕಿಡ್ನಿಯ ಚಿತ್ರದಲ್ಲಿ ಎಲ್ಲಿಲ್ಲದ ಆಸಕ್ತಿ. ಹೆಂಡತಿ ಕೆಳಗೆ ದುಡ್ಡು ಕಟ್ಟಲು ನಿಂತಿದ್ದಳು. ಬಾಬಿನ್ ಒಬ್ಬನೇ ಮೆಟ್ಟಿಲು ಹತ್ತಿ ಬಂದ. ಬೆಂಚಿನ ಕೊನೆಯಲ್ಲಿ, ಇಸ್ತ್ರಿ ಮಾಡಿದ ಷರಟು ತೊಟ್ಟು, ಮಂಡಿಯ ಮೇಲೆ ಕೈಯಿಟ್ಟು ಭಾವ ಕೂತಿದ್ದ.

ಆ ಕ್ಷಣದಲ್ಲಿ ಬಾಬಿನ್‌ಗೆ ಅನಿಸಿದ್ದು ಒಂದೇ. ಹೇಗೋ ಸುದ್ದಿ ತಿಳಿದು, ನನ್ನ ಜೊತೆಗಿರಲು ಬಂದಿದ್ದಾನೆ. ಬರಬೇಡ ಎಂದರೂ ಬರುವವನು ಇವನು. ಹೋಗಿ ಪಕ್ಕದಲ್ಲಿ ಕೂತ.

"ನೀವು ಯಾಕೆ ತೊಂದರೆ ತಗೊಂಡ್ರಿ ಭಾವ," ಎಂದ.

ಮಾಸ್ಟರ್ ಅವನ ಕಡೆ ತಿರುಗಿದ. ಮುಖದಲ್ಲಿ ರಕ್ತವಿರಲಿಲ್ಲ. ಅಷ್ಟರಲ್ಲಿ ಡಾಕ್ಟರ ಕೋಣೆಯ ಬಾಗಿಲಿನಿಂದ ಆಯಾ ತಲೆ ಹಾಕಿದಳು. ವಯಸ್ಸಾದ, ಲವಲವಿಕೆಯ ಹೆಂಗಸು.

"ಮಾಸ್ಟರ್, ನಿಮ್ಮದೇ ಸರದಿ," ಎಂದಳು. ಬಾಬಿನ್‌ನ ಹೆದರಿದ ಮುಖ ನೋಡಿ ಅವಳಿಗೆ ಕನಿಕರ ಬಂದಿರಬೇಕು. "ಹೊಸಬರಾ? ಹೋದ ವರ್ಷ ಆ ಹುಡುಗನಿಗೆ ಹೇಳಿದ ಹಾಗೆ ಇವರಿಗೂ ಸ್ವಲ್ಪ ಧೈರ್ಯ ಹೇಳಿ ಮಾಸ್ಟರ್. ಗಂಟು ಕಂಡ ವಾರದಲ್ಲೇ ಬಂದೆ, ಒಂದು ತೆಗೆಸಿದೆ, ಎಂಟು ವರ್ಷದಿಂದ ಗುಂಡುಕಲ್ಲಿನ ಹಾಗಿದ್ದೀನಿ ಅಂತ. ನೀವು ಹೇಳಿದ್ರೆ ಡಾಕ್ಟರು ಹೇಳಿದ್ದಕ್ಕಿಂತ ನಂಬ್ತಾರೆ."

ಬೆಂಚಿನ ಗಂಡಸರೆಲ್ಲ ಕಿಡ್ನಿಯನ್ನು ಬಿಟ್ಟು ಮಾಸ್ಟರನ್ನು ನೋಡಿದರು. ಮಾಸ್ಟರ್ ಎದ್ದು ಒಳಗೆ ಹೋದ. ಬಾಬಿನ್ ಕೂತಲ್ಲೇ ಕೂತ. ಅವನ ತಲೆಯಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಕೋಟಿನ ಕಟಿಂಗು. ಮನೆಯಲ್ಲೇ ಹೊಲಿದುಕೊಂಡ ಪ್ಯಾಂಟು. ಬಣ್ಣ ಸರಿಯಿಲ್ಲದ ಅಸ್ತರು. ಬಲಗಡೆ ಬಿಟ್ಟ ಒಂದು ಬೆರಳು ಸಡಿಲ.

ಮಾಸ್ಟರ್ ಹೊರಬಂದಾಗ ಬಾಬಿನ್‌ನ ಹೆಂಡತಿಯೂ ಮೇಲೆ ಬಂದಿದ್ದಳು. ಅವಳ ಮುಂದೆ ಅವನು ನಿಲ್ಲಲಿಲ್ಲ. ಮೆಟ್ಟಿಲಿಳಿದು ಹೋದ.

ಡಾಕ್ಟರು ನಿಧಾನದ ಮನುಷ್ಯ. ಬಾಬಿನ್‌ನ ನಾಚಿಕೆಗೆ ಅವಕಾಶವನ್ನೇ ಕೊಡದೆ, ದರ್ಜಿ ತೋಳು ಅಳೆದಷ್ಟು ಸಲೀಸಾಗಿ ಪರೀಕ್ಷಿಸಿ ಮುಗಿಸಿದರು. ಅಂದೇ ಸ್ಕ್ಯಾನು, ರಕ್ತ. ವಾರದಲ್ಲಿ ಎಲ್ಲ ವರದಿಗಳೂ ಬಂದವು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರು ಬಿಡಿಸಿ ಹೇಳಿದರು. ಇದು ವೃಷಣದ ಕ್ಯಾನ್ಸರು, ನಿಮ್ಮ ವಯಸ್ಸಿನವರಿಗೇ ಹೆಚ್ಚಾಗಿ ಬರುವಂಥದ್ದು. ಇಸ್ತ್ರಿಯ ಕಾವಿಗೂ ಇದಕ್ಕೂ ಸಂಬಂಧವಿಲ್ಲ. ಬಲಗಡೆಯದನ್ನು ತೆಗೆಯಬೇಕು. ಒಂದು ಸಾಕು, ಸಂಸಾರಕ್ಕೂ ಸಾಕು, ಸಾಮಾನ್ಯವಾಗಿ ಮಕ್ಕಳಾಗುವುದಕ್ಕೂ ಸಾಕು. ಆದರೆ ಅದು ಹೊಟ್ಟೆಯೊಳಗಿನ ಗ್ರಂಥಿಗಳಿಗೆ ಹಬ್ಬಿದೆ, ಬೆನ್ನು ನೋವು ಅದರದ್ದೇ. ಆದ್ದರಿಂದ ಆಪರೇಷನ್ ಒಂದೇ ಸಾಲದು, ಕೀಮೋ ಕೊಡಬೇಕು. ಗುಣವಾಗುವ ಕಾಯಿಲೆ ಇದು, ಈ ಹಂತದಲ್ಲೂ ಬಹಳ ಮಂದಿ ಗುಣವಾಗುತ್ತಾರೆ.

"ಮೊದಲು ಯಾವಾಗ ಕೈಗೆ ಸಿಕ್ತು?" ಎಂದು ಕೇಳಿದರು.

ಬಾಬಿನ್ ಹೇಳಿದ. ಡಾಕ್ಟರು ಅದನ್ನು ಕಾಗದದಲ್ಲಿ ಬರೆದುಕೊಂಡರು.

"ಆಗಲೇ ಬಂದಿದ್ರೆ ಬಹುಶಃ ಆಪರೇಷನ್ನಿಗೇ ಮುಗೀತಿತ್ತು," ಎಂದರು. "ನೋವಿಲ್ಲ ಅಂತಾನೇ ಎಲ್ಲರೂ ಮನೇಲಿ ಕೂತಿರ್ತಾರೆ. ನೋವಿಲ್ಲದ ಗಟ್ಟಿ ಗಂಟು ಇದ್ರೆ ಆ ವಾರವೇ ಬರಬೇಕು. ದಿಢೀರಂತ ಜೋರು ನೋವು ಬಂದ್ರೆ ಆ ಗಂಟೆಯೇ ಬರಬೇಕು. ಉಚ್ಚೆಯಲ್ಲಿ ರಕ್ತ ಕಂಡ್ರೆ, ಮಾಯದ ಗಾಯ ಇದ್ರೆ, ಊತ ಇದ್ರೆ, ಇದಕ್ಕೆಲ್ಲ ನಾವೇ ಇರೋದು. ಅಂಗಡಿಯಲ್ಲಿ ನಿಮ್ಮ ಜೊತೆಯವರಿಗೂ ಹೇಳಿ."

"ಅವರಿಗೆ ಗೊತ್ತಿದೆ ಡಾಕ್ಟ್ರೇ," ಎಂದ ಬಾಬಿನ್.

ಆಪರೇಷನ್ನಿಗೆ ಎರಡು ದಿನ ಮುಂಚೆ ಅವನು ಅಂಗಡಿಗೆ ಹೋದ. ಹೊಲಿಯುವಾಗ ಬೆರಳಿಗೆ ತೊಡುವ ಲೋಹದ ಟೊಪ್ಪಿ, ಟೇಪು, ಚಿಕ್ಕ ಕತ್ತರಿ ತರುವುದಿತ್ತು. ಮಾಸ್ಟರ್ ಕಾಜಾ ತಾತನನ್ನು ದಾರದ ನೆಪ ಮಾಡಿ ಹೊರಗೆ ಕಳಿಸಿದ. ಇಬ್ಬರೂ ಕಟಿಂಗ್ ಮೇಜಿನ ಆಚೆ ಈಚೆ ನಿಂತರು. ದೊಡ್ಡ ಕತ್ತರಿ ನಡುವೆ ಬಿದ್ದಿತ್ತು.

"ನಿನ್ನದು ನೀರು ತುಂಬಿರಬೇಕು ಅಂದ್ಕೊಂಡೆ ಕಣೋ," ಎಂದ ಮಾಸ್ಟರ್. "ಎಷ್ಟೋ ಜನಕ್ಕೆ ಬರೀ ನೀರಿರುತ್ತೆ."

"ಕಲ್ಲಿನ ಹಾಗಿದೆ ಅಂತ ಹೇಳಿದ್ದೆ. ನಿಮ್ಮದು ಹೇಗಿತ್ತು ಭಾವ?"

ಮಾಸ್ಟರ್ ಮೇಜಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಅಂಗೈಯಿಂದ ಒಂದು ಕಡೆ ಗುಡಿಸಿದ. "ಹಾಗೇ ಇತ್ತು," ಎಂದ.

"ಆ ಎಣ್ಣೆ ನೀವು ಯಾವತ್ತಾದ್ರೂ ಹಚ್ಚಿದ್ರಾ?"

"ಇಲ್ಲ."

ಇಡೀ ಊರಿಗೆ ಅಳತೆ ತೆಗೆಯುವವನು ನಾನು ಎಂದು ಮಾಸ್ಟರ್ ನಿಧಾನವಾಗಿ ಹೇಳತೊಡಗಿದ. ಗಂಡಸರೆಲ್ಲ ನನ್ನ ಮುಂದೆ ಕಾಲಗಲಿಸಿ ನಿಲ್ಲುತ್ತಾರೆ. ಈ ವಿಷಯ ಗೊತ್ತಾದರೆ ಅವರು ನನ್ನನ್ನು ಹೇಗೆ ನೋಡುತ್ತಾರೆ? ಆಸ್ಪತ್ರೆಯಲ್ಲಿರುವುದು ಒಬ್ಬನೇ ಡಾಕ್ಟರು, ಒಬ್ಬಳೇ ಆಯಾ, ನೀನು ಅಲ್ಲಿಗೆ ಹೋದರೆ ನನ್ನದು ಹೊರಗೆ ಬರುತ್ತಿತ್ತು. ದಿನಾ ಬೆಳಿಗ್ಗೆ ಹೇಳಬೇಕು ಅಂತಲೇ ಬರುತ್ತಿದ್ದೆ, ನಿನ್ನ ಮುಖ ನೋಡಿದ ಮೇಲೆ ನಾಳೆ ಹೇಳೋಣ ಅನ್ನಿಸುತ್ತಿತ್ತು.

"ಬೆಂಚಿನ ಮೇಲೆ ಯಾರೋ ಹುಡುಗನಿಗೆ ಹೇಳಿದ್ರಲ್ಲ."

"ಅವನು ನಾಳೆ ನಮ್ಮನೆಗೆ ಊಟಕ್ಕೆ ಬರಲ್ಲವಲ್ಲ."

ಬಾಬಿನ್‌ಗೆ ಕೂಗಾಡಬೇಕೆನಿಸಲಿಲ್ಲ. ಹೊಡೆಯಬೇಕೆಂದೂ ಅನಿಸಲಿಲ್ಲ. ಇಪ್ಪತ್ತೊಂದು ವರ್ಷ ಬಟ್ಟೆಯ ಹೊರಮುಖವೆಂದು ನಂಬಿ ಹೊಲಿದದ್ದು ಒಳಮುಖವೆಂದು ಗೊತ್ತಾದ ಹಾಗಿತ್ತು. ಬಿಚ್ಚಲೂ ಆಗದು, ತೊಡಲೂ ಆಗದು. ತನ್ನ ಸಾಮಾನನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಬಾಗಿಲಲ್ಲಿ ದಾರದುಂಡೆ ಹಿಡಿದು ನಿಂತಿದ್ದ ಕಾಜಾ ತಾತ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಬಾಯಿಂದ ಅಂದು ಒಂದೂ ತಮಾಷೆ ಹೊರಡಲಿಲ್ಲ.

ಆಪರೇಷನ್ ಆದ ಮೂರನೆಯ ದಿನ ಅಕ್ಕ ಬಂದಳು. ತಮ್ಮನ ಹಾಸಿಗೆಯ ಪಕ್ಕ ಕೂತು, ಹೊದಿಕೆ ಸರಿಮಾಡುತ್ತ, ತಡೆಯಲಾರದೆ ಕೇಳಿದಳು.

"ನನಗೆ ಒಂದು ಮಾತು ಹೇಳಿದ್ದಿದ್ರೆ ಕಿವಿ ಹಿಡಿದು ಆವತ್ತೇ ಕರ್ಕೊಂಡು ಹೋಗ್ತಿದ್ದೆನಲ್ಲೋ. ಯಾಕೋ ಹೇಳಲಿಲ್ಲ?"

"ಹೇಳಲ್ಲ ಅಂತ ಕತ್ತರಿ ಮುಟ್ಟಿಸಿದ್ರು ಅಕ್ಕ."

ಅಕ್ಕನ ಕೈ ಹೊದಿಕೆಯ ಮೇಲೆ ನಿಂತಿತು.

"ನನ್ನ ಕೈಲೂ ಮುಟ್ಟಿಸಿದ್ರು," ಎಂದಳು. "ಎಂಟು ವರ್ಷದ ಹಿಂದೆ. ತಮ್ಮನಿಗೆ ಗೊತ್ತಾಗಬಾರದು ಅಂತ."

ಬಾಬಿನ್ ಹೆಂಡತಿಗೆ ಹೇಳಿದ್ದೊಂದನ್ನು ಬಿಟ್ಟರೆ ಇಬ್ಬರೂ ಕೊಟ್ಟ ಮಾತು ಉಳಿಸಿಕೊಂಡಿದ್ದರು. ಅಷ್ಟು ವರ್ಷ ಅಕ್ಕ ತಮ್ಮ ಒಂದೇ ಮನೆಯ ಊಟ ಮಾಡಿದ್ದರು, ಒಬ್ಬರಿಗೆ ಗೊತ್ತಿದ್ದ ಅರ್ಧ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ನೋಡಿಕೊಂಡ ಭಾವ ಅವರ ನಡುವೆ ಕೂತು ಬಡಿಸಿಕೊಂಡು ಉಂಡಿದ್ದ. ಅಕ್ಕ ಮುಖ ಮುಚ್ಚಿಕೊಂಡು ಅತ್ತಳು. ಬಾಬಿನ್ ಅವಳ ಬೆನ್ನಿನ ಮೇಲೆ ಕೈಯಿಟ್ಟ.

ಕೀಮೋ ಮೂರು ಸುತ್ತು ನಡೆಯಿತು. ಕೂದಲು ಹೋಯಿತು, ನಾಲಗೆಯ ರುಚಿ ಹೋಯಿತು, ಬೆರಳ ತುದಿ ಜೋಮು ಹಿಡಿದು ಕೆಲವು ದಿನ ಸೂಜಿ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಹೆಂಡತಿ ಕಾರ್ಖಾನೆಯಿಂದ ವಾಸನೆಯಿಲ್ಲದ ಸೋಪು ತಂದಳು, ಆಗ ಅವನಿಗೆ ಯಾವ ವಾಸನೆಯೂ ಸೇರುತ್ತಿರಲಿಲ್ಲ. ಕೊನೆಯ ಸುತ್ತು ಮುಗಿದು ಸ್ಕ್ಯಾನು ಸ್ವಚ್ಛವಾಗಿ ಬಂದ ವಾರ ಕಾಜಾ ತಾತ ಒಂದು ಕಾಗದದ ಪೊಟ್ಟಣ ತಂದುಕೊಟ್ಟ. ಬೂದು ಬಣ್ಣದ ಪ್ಯಾಂಟು, ಮಾಸ್ಟರು ಹೊಲಿದದ್ದು.

"ಅಳತೆ ಎಲ್ಲಿಂದ ತಗೊಂಡ್ರು?" ಎಂದು ಹೆಂಡತಿ ಕೇಳಿದಳು.

"ಆಸ್ಪತ್ರೆಯ ಎದುರು ನಿಂತು ನೋಡ್ತಿದ್ದ," ಎಂದ ತಾತ. "ನೀವು ಆಟೋ ಹತ್ತೋವಾಗ."

ಬಾಬಿನ್ ತೊಟ್ಟುಕೊಂಡ. ಇಳಿದ ಸೊಂಟ, ಸೊರಗಿದ ತೊಡೆ, ಈಗ ಸಡಿಲ ಬೇಡವಾದ ಬಲಗಡೆ, ಎಲ್ಲೂ ಒಂದು ನೂಲೂ ತಪ್ಪಿರಲಿಲ್ಲ. ಭಾವನ ಕೈ ಅವನಿಗೆ ಎಂದೂ ಸುಳ್ಳು ಹೇಳಿರಲಿಲ್ಲ. ಬಿಚ್ಚಿ, ಮಡಿಸಿ, ಅದೇ ಕಾಗದದಲ್ಲಿ ಸುತ್ತಿ ತಾತನ ಕೈಗೆ ಕೊಟ್ಟ. ಚೆನ್ನಾಗಿದೆ ಅಂತ ಹೇಳಿ ಎಂದ. ಬೇರೇನೂ ಹೇಳಿ ಕಳಿಸಲಿಲ್ಲ.

ಈಗ ಅವನ ಮಿಷನ್ನು ಮನೆಯ ಮುಂದಿನ ಕೋಣೆಯಲ್ಲಿದೆ. ಗಿರಾಕಿಗಳು ಕಡಿಮೆ, ಆದರೂ ಇದ್ದಾರೆ. ಅವನ ಪ್ಯಾಂಟಿಗೆ ಹೆಂಡತಿ ಅಳತೆ ತೆಗೆಯುತ್ತಾಳೆ, ತಪ್ಪಾಗಿ ತೆಗೆಯುತ್ತಾಳೆ, ಅವನು ತಿದ್ದಿಕೊಳ್ಳುತ್ತಾನೆ. ಯಾರಾದರೂ ಗಿರಾಕಿ ಅಳತೆಗೆ ನಿಂತು ಆ ಜಾಗದಲ್ಲಿ ಸ್ವಲ್ಪ ಸಡಿಲ ಬಿಡಿ ಎಂದು ಗೊಣಗಿದರೆ, ಯಾಕೆ ಎಂದು ನೇರವಾಗಿ ಕೇಳುತ್ತಾನೆ. ತನ್ನ ಕಥೆಯನ್ನೂ ಹೇಳುತ್ತಾನೆ. ಒಬ್ಬರು ಆ ವಾರವೇ ಡಾಕ್ಟರಲ್ಲಿಗೆ ಹೋಗಿ ಬಂದರು, ಬರೀ ನೀರಂತೆ. ಇನ್ನೊಬ್ಬರು ಮತ್ತೆ ಈ ಕಡೆ ಸುಳಿಯಲಿಲ್ಲ, ಬಟ್ಟೆ ಇನ್ನೂ ಇಲ್ಲೇ ಇದೆ.

ಬಲಗಡೆಯದು ಯಾವತ್ತು ಹೋಗಿದ್ದರೂ ಹೋಗುತ್ತಿತ್ತು, ಅದಕ್ಕೆ ಭಾವ ಹೊಣೆಯಲ್ಲ. ಮೂರು ಸುತ್ತಿನ ಕೀಮೋ ಬಹುಶಃ ಬೇಕಿರಲಿಲ್ಲ, ಅದಕ್ಕೆ ಅವನೇ ಹೊಣೆ. ಜೀವ ಉಳಿಯಿತು, ಹೆಂಡತಿ ಮಗಳು ಇದ್ದಾರೆ, ಅಕ್ಕ ಬಂದು ಹೋಗುತ್ತಾಳೆ. ಭಾವ ಅದೇ ಬೀದಿಯಲ್ಲಿ ಅಂಗಡಿ ತೆರೆಯುತ್ತಾನೆ, ಮುಚ್ಚುತ್ತಾನೆ. ಬಾಬಿನ್‌ನ ಪಾಲಿಗೆ ಅವನು ಇಲ್ಲ.